ಹಾಯಿದೋಣಿಯ ಕ್ಯಾಬಿನ್ ತಂಪಾಗಿರಲು ಗಾಳಿಗೆ ದಾರಿ ಮಾಡುವ ಕ್ರಮ

ಸೂರ್ಯ ಮುಳುಗಿ ಬಹಳ ಹೊತ್ತಾಗಿದ್ದರೂ ಲಂಗರು ಹಾಕಿದ ಹಾಯಿದೋಣಿಯ ಕ್ಯಾಬಿನ್ನಿನಲ್ಲಿ ಧಗೆ ಇಳಿದಿರುವುದಿಲ್ಲ. ಮೇಲೆ ಡೆಕ್ಕಿನಲ್ಲಿ ಗಾಳಿ ಹಿತವಾಗಿ ಬೀಸುತ್ತಿರುತ್ತದೆ. ನಾಲ್ಕು ಮೆಟ್ಟಿಲು ಇಳಿದರೆ ಅಂಗಿ ಬೆವರಿನಿಂದ ಮೈಗೆ ಅಂಟಿಕೊಳ್ಳುತ್ತದೆ. ಆಗ ಹೆಚ್ಚಿನವರಿಗೆ ಹೊಳೆಯುವ ಉಪಾಯ ಇನ್ನೊಂದು ಫ್ಯಾನ್. ಫ್ಯಾನ್ ಬೇಕು, ಆದರೆ ಅದರ ಸರದಿ ಕೊನೆಯದು. ಮೊದಲು ಬಿಸಿಲನ್ನು ಹೊರಗೇ ತಡೆಯಬೇಕು. ಆಮೇಲೆ ಗಾಳಿಗೆ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಮಾಡಿಕೊಡಬೇಕು. ಹೊರಹೋಗುವ ದಾರಿಯನ್ನು ಮರೆಯುವವರೇ ಹೆಚ್ಚು, ಕ್ಯಾಬಿನ್ ಉಬ್ಬೆಯಲ್ಲಿ ಕುದಿಯುವುದೂ ಬಹುಪಾಲು ಅದರಿಂದಲೇ.

ಬಿಸಿಲು ಡೆಕ್ಕನ್ನು ಮುಟ್ಟದಿರಲಿ

ಮೋಡವಿಲ್ಲದ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವ್ಯಾಟ್‌ನಷ್ಟು ಬಿಸಿಲು ಬೀಳುತ್ತದೆ. ಹತ್ತು ಚದರ ಮೀಟರ್ ಡೆಕ್ ಎಂದರೆ ತಲೆಯ ಮೇಲೆ ಹತ್ತು ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿ ಇಟ್ಟಂತೆ. ಬಿಳಿಯ ಡೆಕ್ ಇದರ ಹೆಚ್ಚಿನ ಪಾಲನ್ನು ಮರಳಿ ಆಕಾಶಕ್ಕೆ ಕಳಿಸುತ್ತದೆ. ಗಾಢ ಬಣ್ಣ ಬಳಿದ ಡೆಕ್ ಮತ್ತು ತೇಗದ ಹಲಗೆಗಳು ಅದನ್ನು ಹೀರಿಕೊಂಡು, ಕತ್ತಲಾದ ಮೇಲೂ ಒಳಗೆ ಬಿಡುತ್ತಲೇ ಇರುತ್ತವೆ.

ಆದ್ದರಿಂದ ಮೊದಲ ಕೆಲಸ ನೆರಳಿನ ಬಟ್ಟೆ ಕಟ್ಟುವುದು. ಬಿಸಿಲು ತೂರದ, ಮೇಲ್ಮೈ ತಿಳಿ ಬಣ್ಣದ್ದಾದ ದಪ್ಪ ಬಟ್ಟೆಯನ್ನು ಬೂಮಿನ (ಹಾಯಿಯ ಕೆಳ ಅಂಚನ್ನು ಹಿಡಿದಿಡುವ ಅಡ್ಡಕಂಬದ) ಮೇಲೆ ಹಾಯಿಸಿ, ಎರಡೂ ಬದಿಯ ಅಂಚುಗಳನ್ನು ಡೆಕ್ಕಿನ ಸುತ್ತಲಿನ ಕಾವಲು ತಂತಿಗೆ ಕಟ್ಟಿ. ಬಟ್ಟೆ ಡೆಕ್ಕಿಗೆ ಒರಗಬಾರದು. ಎರಡರ ನಡುವೆ ಗಾಳಿ ಸಲೀಸಾಗಿ ಹಾಯುವಷ್ಟು ಅಂತರ ಇಲ್ಲದಿದ್ದರೆ ಬಟ್ಟೆಯ ಕಾವೇ ಕೆಳಗಿಳಿಯುತ್ತದೆ. ಇಳಿಹೊತ್ತಿನ ಓರೆ ಬಿಸಿಲು ಬದಿಯಿಂದ ನುಗ್ಗುವುದರಿಂದ ಇಳಿಬಿಡುವ ಪರದೆಗಳೂ ಬೇಕು. ಲಂಗರಿನ ಮೇಲಿರುವ ದೋಣಿ ಗಾಳಿ ತಿರುಗಿದಂತೆ ತಾನೂ ತಿರುಗುತ್ತದೆ. ಇವತ್ತು ಎಡಕ್ಕಿದ್ದ ಪಡುವಣ ನಾಳೆ ಬಲಕ್ಕೆ ಬಂದಿರಬಹುದು. ಹಾಗಾಗಿ ಪರದೆ ಎರಡೂ ಬದಿಗೆ ಸಿಕ್ಕಿಸುವಂತಿರಲಿ. ಇನ್ನೊಂದು ಮಾತು: ಬಿರುಗಾಳಿ ಏಳುವಾಗ ಈ ಬಟ್ಟೆ ಅಡ್ಡಾದಿಡ್ಡಿ ಹಾಯಿಯಂತೆ ವರ್ತಿಸುತ್ತದೆ. ಒಬ್ಬರೇ ಕತ್ತಲಲ್ಲಿ ಎಳೆದು ಬಿಚ್ಚಬಹುದಾದ ಗಂಟುಗಳನ್ನೇ ಹಾಕಿ.

ಕಿಟಕಿಗಳಿಗೆ ಮತ್ತು ಹ್ಯಾಚುಗಳಿಗೆ, ಅಂದರೆ ಡೆಕ್ಕಿನಲ್ಲಿರುವ ಮುಚ್ಚಳದ ಕಿಂಡಿಗಳಿಗೆ, ಹೊದಿಕೆ ಹೊರಗಿನಿಂದಲೇ ಬೀಳಬೇಕು. ಅಕ್ರಿಲಿಕ್ ಹಾಳೆಯ ಮೂಲಕ ಬಿಸಿಲು ಒಳಬರುತ್ತದೆ. ಒಳಗಿನ ವಸ್ತುಗಳು ಕಾದು ಹೊರಸೂಸುವ ಶಾಖ ಮಾತ್ರ ಅದೇ ದಾರಿಯಲ್ಲಿ ಸುಲಭವಾಗಿ ಹೊರಹೋಗುವುದಿಲ್ಲ. ಒಳಗೆ ಕಟ್ಟಿದ ಪರದೆ ಕಣ್ಣಿಗೆ ನೆರಳು ಕೊಡುತ್ತದೆ, ಅಷ್ಟೇ. ಅದು ತಡೆದ ಬಿಸಿಲಿನ ಹೆಚ್ಚಿನ ಪಾಲು ಕ್ಯಾಬಿನ್ನಿನ ಒಳಗೇ ಶಾಖವಾಗಿ ಉಳಿಯುತ್ತದೆ.

ಸಂಜೆ ಡೆಕ್ಕಿನ ಮೇಲೆ ಕೆಲವು ಬಕೆಟ್ ನೀರು ಸುರಿದರೆ ಅದು ಆವಿಯಾಗುತ್ತಾ ಕಾವನ್ನು ಎಳೆದುಕೊಂಡು ಹೋಗುತ್ತದೆ. ಸುಲಭ ಮತ್ತು ಪರಿಣಾಮಕಾರಿ ಕ್ರಮವಿದು. ಹ್ಯಾಚುಗಳನ್ನು ಮುಚ್ಚಿ ಸುರಿಯಿರಿ.

ಗಾಳಿ ಯಾವ ಕಡೆಗೆ ಹರಿಯುತ್ತಿದೆ?

ಇದನ್ನು ಊಹಿಸಬೇಡಿ, ಕಣ್ಣಾರೆ ನೋಡಿ. ತೆಳುವಾದ ಕಾಗದದ ಪಟ್ಟಿಗಳನ್ನೋ ಉಣ್ಣೆಯ ದಾರದ ತುಣುಕುಗಳನ್ನೋ ಪ್ರತಿ ಹ್ಯಾಚ್, ಕಿಟಕಿ ಮತ್ತು ಒಳಬಾಗಿಲಿಗೆ ಅಂಟಿಸಿ. ಹೊಗೆ ಬರಿಸಿ ನೋಡುವ ಪದ್ಧತಿಯೂ ಇದೆ, ಆದರೆ ಅಡುಗೆ ಅನಿಲ ಇರುವ ಇಕ್ಕಟ್ಟಿನಲ್ಲಿ ಕಿಡಿ ಬೇಡ.

ಲಂಗರು ಹಾಕಿದ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಹಾಗಾಗಿ ಒಳಗೂ ಗಾಳಿ ಮುಂಬದಿಯಿಂದ ಹಿಂಬದಿಗೆ ಹರಿಯುತ್ತದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಅನೇಕ ದೋಣಿಗಳಲ್ಲಿ ನಡೆಯುವುದು ತದ್ವಿರುದ್ಧ. ಮುಂದಿನ ಹ್ಯಾಚ್ ಹಿಂದಕ್ಕೆ ತೆರೆದುಕೊಳ್ಳುವಂಥದ್ದಾದರೆ, ಅದರ ಮೇಲೆ ಹಾಯುವ ಗಾಳಿ ಕ್ಯಾಬಿನ್ನಿನ ಗಾಳಿಯನ್ನು ಹೊರಕ್ಕೆ ಹೀರುತ್ತದೆ. ಇತ್ತ ಕ್ಯಾಬಿನ್ನಿಗೆ ಇಳಿಯುವ ಹಿಂಬಾಗಿಲು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗಿದ್ದಾಗ ಈ ಹರಿವಿಗೆ ಎದುರಾಗಿ ಫ್ಯಾನ್ ಇಟ್ಟರೆ ಎರಡೂ ಒಂದನ್ನೊಂದು ಕೊಲ್ಲುತ್ತವೆ.

ಬಿಸಿಗಾಳಿ ಮೇಲೇರುತ್ತದೆ, ಮೇಲೊಂದು ತೂತು ಇದ್ದರೆ ಸಾಕು ಎಂಬ ನಂಬಿಕೆಯೂ ಇದೆ. ಲೆಕ್ಕ ಹಾಕಿ ನೋಡಿ. ಒಳಗೆ ಹೊರಗಿಗಿಂತ 5 ಡಿಗ್ರಿ ಹೆಚ್ಚು ಬಿಸಿ ಇದ್ದು, ಕ್ಯಾಬಿನ್ನಿನ ಎತ್ತರ 2 ಮೀಟರ್ ಆದರೆ ಏರುಗಾಳಿಯ ಒತ್ತಡ ಅರ್ಧ ಪಾಸ್ಕಲ್‌ಗೂ ಕಡಿಮೆ. ಸೆಕೆಂಡಿಗೆ 4 ಮೀಟರ್ ವೇಗದ ಮಂದಗಾಳಿಯ ಒತ್ತಡ ಹತ್ತಿರ ಹತ್ತಿರ 10 ಪಾಸ್ಕಲ್. ಗಾಳಿ ಬೀಸುತ್ತಿದೆಯೆಂದರೆ ಅದನ್ನೇ ಹಿಡಿಯಬೇಕು.

ಗಾಳಿಚೀಲ ಕಟ್ಟಿ, ಎದುರು ತುದಿಯನ್ನು ತೆರೆಯಿರಿ

ಮುಂದಿನ ಹ್ಯಾಚಿನ ಮೇಲೆ ಕಟ್ಟುವ ಬಟ್ಟೆಯ ಗಾಳಿಚೀಲ ಈ ಕೆಲಸಕ್ಕೆ ಹೇಳಿ ಮಾಡಿಸಿದ ಸಾಧನ. ಹಗುರ ನೈಲಾನಿನ ಚೀಲದ ಮೇಲ್ತುದಿಯನ್ನು ಹಾಯಿ ಏರಿಸುವ ಹಗ್ಗಕ್ಕೆ ಸಿಕ್ಕಿಸಿ ಎತ್ತಿ. ಬಾಯಿ ಮುಂದಕ್ಕಿರಲಿ. ಕೆಳಗಿನ ಮೂಲೆಗಳನ್ನು ಹ್ಯಾಚಿನ ಒಳಗಿಳಿಸಿ ಬಿಗಿಯಾಗಿ ಕಟ್ಟಿ. ಡೆಕ್ಕಿನ ಮೇಲಿಂದ ಹಾದುಹೋಗುತ್ತಿದ್ದ ಗಾಳಿ ಬಾಗಿ ಕೆಳಗೆ ಸುರಿಯತೊಡಗುತ್ತದೆ. ನೆರಳಿನ ಬಟ್ಟೆ ಇದಕ್ಕೆ ಅಡ್ಡ ಬಂದರೆ ಅದರ ಮುಂಚೂಣಿಯನ್ನು ಹ್ಯಾಚಿನ ಹಿಂದಕ್ಕೇ ನಿಲ್ಲಿಸಿ.

ಮುಂದಿನದೇ ಮುಖ್ಯ ಘಟ್ಟ. ಚೀಲ ಕಟ್ಟಿದ ಖುಷಿಯಲ್ಲಿ ಎಲ್ಲ ಕಿಟಕಿಗಳನ್ನೂ ತೆರೆದುಬಿಡುವುದು ಸಹಜ. ಆಗ ಗಾಳಿ ಚೀಲದ ಪಕ್ಕದ ಕಿಟಕಿಯಿಂದಲೇ ಹೊರಬಿದ್ದುಬಿಡುತ್ತದೆ. ಹಿಂದಿನ ಮಂಚದಲ್ಲಿ ಮಲಗಿದವರಿಗೆ ಏನೂ ತಲುಪುವುದಿಲ್ಲ. ಚೀಲಕ್ಕೆ ಹತ್ತಿರದ ಕಿಟಕಿಗಳನ್ನು ಮುಚ್ಚಿ, ದೂರದವನ್ನು ತೆರೆಯಿರಿ. ಹೊರದಾರಿಯ ಒಟ್ಟು ಅಗಲ ಒಳದಾರಿಗಿಂತ ಕಡಿಮೆಯಾಗದಿರಲಿ. ಒಳಬಾಗಿಲುಗಳು ಗಾಳಿಗೆ ಬಡಿದು ಮುಚ್ಚಿಕೊಳ್ಳದಂತೆ ಕೊಕ್ಕೆ ಹಾಕಿ.

ಹಿಂಬದಿಯ ಚಿಕ್ಕ ಮಲಗುಕೋಣೆಗಳು ಒಂದೇ ಬಾಗಿಲಿನ ಕುರುಡು ಗೂಡುಗಳು. ಅಲ್ಲಿಗೆ ಸಣ್ಣದಾದರೂ ಒಂದು ಹ್ಯಾಚ್ ಅಥವಾ ಕಿಟಕಿ ಕೂಡಿಸದೆ ಬೇರೆ ದಾರಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಧಕ್ಕೆಗೆ ಕಟ್ಟಿದ ದೋಣಿಗೆ ಗಾಳಿ ಯಾವ ದಿಕ್ಕಿನಿಂದಲೂ ಬರಬಹುದು. ನಾಲ್ಕೂ ಕಡೆ ಬಾಯಿ ಇರುವ ಚೀಲ ಅಲ್ಲಿಗೆ ಸೂಕ್ತ.

ಸೊಳ್ಳೆ ಇರುವಲ್ಲಿ ಜಾಲರಿ ಬೇಕೇ ಬೇಕು, ಆದರೆ ಒತ್ತು ಹೆಣಿಗೆಯ ಜಾಲರಿ ಗಾಳಿಯ ದೊಡ್ಡ ಪಾಲನ್ನು ಕಸಿದುಕೊಳ್ಳುತ್ತದೆ. ಹ್ಯಾಚಿನ ಚೌಕಟ್ಟಿಗೆ ಬಿಗಿದು ಹೊಡೆಯುವ ಬದಲು ಅದರ ಮೇಲೆ ಗುಡಾರದಂತೆ ಎತ್ತಿ ಕಟ್ಟಿ. ಜಾಲರಿಯ ವಿಸ್ತಾರ ಹೆಚ್ಚಿದಷ್ಟೂ ಗಾಳಿಗೆ ಅಡ್ಡಿ ಕಡಿಮೆ.

ಮಳೆ, ಅಲೆಗಳ ಹೊತ್ತಿಗೆ

ಸಮುದ್ರದಲ್ಲಿ ಸಾಗುವಾಗ ಮುಂದಿನ ಹ್ಯಾಚ್ ತೆರೆದಿಡುವಂತಿಲ್ಲ. ಇದಕ್ಕೆ ಸೊಗಸಾದ ಪರಿಹಾರ ಸಿಕ್ಕಿದ್ದು 1930ರಲ್ಲಿ ನೀರಿಗಿಳಿದ ‘ಡೊರೇಡ್’ ಎಂಬ ರೇಸಿಂಗ್ ಹಾಯಿದೋಣಿಯಲ್ಲಿ. ಆಲಿನ್ ಸ್ಟೀಫನ್ಸ್ ವಿನ್ಯಾಸಗೊಳಿಸಿದ ಈ ದೋಣಿ 1931ರಲ್ಲಿ ಅಟ್ಲಾಂಟಿಕ್ ದಾಟುವ ಸ್ಪರ್ಧೆಯನ್ನು ಗೆದ್ದಿತು. ಅದರ ಗಾಳಿಪೆಟ್ಟಿಗೆಗೆ ಇಂದಿಗೂ ಡೊರೇಡ್ ಎಂದೇ ಹೆಸರು. ಡೆಕ್ಕಿನ ಮೇಲೊಂದು ಪೆಟ್ಟಿಗೆ. ಅದರ ಒಂದು ತುದಿಯಲ್ಲಿ ಗಾಳಿ ಹಿಡಿಯುವ ಬಾಗಿದ ಕೊಳವೆ, ಇನ್ನೊಂದು ತುದಿಯಲ್ಲಿ ಕ್ಯಾಬಿನ್ನಿಗೆ ಇಳಿಯುವ ಕೊಳವೆ. ಎರಡನೆಯದರ ಬಾಯಿ ಪೆಟ್ಟಿಗೆಯ ತಳಕ್ಕಿಂತ ಎತ್ತರದಲ್ಲಿರುತ್ತದೆ. ಗಾಳಿಯ ಜೊತೆ ನುಗ್ಗಿದ ನೀರು ತಳಕ್ಕೆ ಬಿದ್ದು ಬದಿಯ ಕಿಂಡಿಗಳಿಂದ ಹೊರಹೋಗುತ್ತದೆ, ಗಾಳಿ ಮಾತ್ರ ಎತ್ತರದ ಬಾಯಿ ಹತ್ತಿ ಕೆಳಗಿಳಿಯುತ್ತದೆ.

ಇಂಥ ಪೆಟ್ಟಿಗೆ ಕೂಡಿಸುವಾಗ ಕೊಳವೆಯಲ್ಲಿ ಜಿಪುಣತನ ಬೇಡ. 75 ಮಿಲಿಮೀಟರ್ ಬದಲು 100 ಮಿಲಿಮೀಟರ್ ಕೊಳವೆ ಹಾಕಿದರೆ ಬಾಯಿಯ ವಿಸ್ತಾರ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ಕೆಲವನ್ನು ಗಾಳಿಗೆ ಎದುರಾಗಿಯೂ ಕೆಲವನ್ನು ಬೆನ್ನಾಗಿಯೂ ತಿರುಗಿಸಿಡಿ. ಅಲೆಗಳು ಡೆಕ್ಕಿನ ಮೇಲೇ ಹಾಯುವಂಥ ಹವೆಯಲ್ಲಿ ಬಾಗಿದ ಕೊಳವೆಯನ್ನು ಕಳಚಿ ಬಾಯಿಗೆ ಬಿರಡೆ ಬಿಗಿಯಿರಿ.

ಈಗ ಫ್ಯಾನ್

ಗಾಳಿಯೇ ಇಲ್ಲದ ರಾತ್ರಿಗೆ 12 ವೋಲ್ಟಿನ ಚಿಕ್ಕ ಫ್ಯಾನ್ ಆಸರೆ. 0.3 ಆಂಪಿಯರ್ ಎಳೆಯುವ ಫ್ಯಾನ್ ಹತ್ತು ತಾಸು ತಿರುಗಿದರೆ ಬ್ಯಾಟರಿಯಿಂದ ಹೋಗುವುದು 3 ಆಂಪಿಯರ್-ಅವರ್. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ. ಆದ್ದರಿಂದ ಪ್ರತಿ ಮಂಚಕ್ಕೂ ಒಂದು, ಮಲಗಿದವರ ಮೈಗೇ ತಾಗುವಂತೆ. ಇನ್ನೊಂದನ್ನು ಹೊರದಾರಿಯ ಬಳಿ, ಹೊರಮುಖವಾಗಿ ನಿಲ್ಲಿಸಿ.

ಏರ್ ಕಂಡಿಷನರ್ ಧಕ್ಕೆಯ ವಿದ್ಯುತ್ ಸಂಪರ್ಕ ಇರುವವರಿಗೆ ಸರಿ. ಚಿಕ್ಕದಾದರೂ ನೂರಾರು ವ್ಯಾಟ್ ಬೇಡುವ ಯಂತ್ರವನ್ನು ಲಂಗರಿನ ಮೇಲೆ ಬರಿಯ ಬ್ಯಾಟರಿಯಿಂದ ಇಡೀ ರಾತ್ರಿ ನಡೆಸುವುದು ಸಣ್ಣ ದೋಣಿಗೆ ಹೊರೆ.

ತೇವ ಮತ್ತು ಅನಿಲ

ಸೆಕೆಯ ಅರ್ಧ ಹಿಂಸೆ ತೇವದ್ದು. ಮಲಗಿದ ಇಬ್ಬರ ಉಸಿರು ಮತ್ತು ಬೆವರಿನಿಂದ ಒಂದು ರಾತ್ರಿಗೆ ಅರ್ಧ ಲೀಟರಿಗೂ ಹೆಚ್ಚು ನೀರು ಕ್ಯಾಬಿನ್ನಿನ ಗಾಳಿಗೆ ಸೇರುತ್ತದೆ. ಒಲೆಯಲ್ಲಿ ಒಂದು ಕಿಲೋ ಪ್ರೊಪೇನ್ ಅನಿಲ ಉರಿದರೆ ಹುಟ್ಟುವ ನೀರಾವಿ ಸುಮಾರು 1.6 ಕಿಲೋ. ಒಲೆಯ ಮೇಲೊಂದು ಹ್ಯಾಚ್ ತೆರೆದಿಟ್ಟು ಅಡುಗೆ ಮಾಡಿ. ಹಾಸಿಗೆಯ ಕೆಳಗೆ ಇಡೀ ಹಲಗೆಯ ಬದಲು ಸಂದುಬಿಟ್ಟ ಪಟ್ಟಿಗಳಿರಲಿ, ಕಪಾಟಿನ ಬಾಗಿಲಿಗೆ ಕಿಂಡಿಗಳಿರಲಿ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ನಿಲ್ಲುತ್ತದೆ, ಮೇಲಿನ ಹ್ಯಾಚ್ ಎಷ್ಟು ತೆರೆದಿದ್ದರೂ ತಾನಾಗಿ ಹೊರಹೋಗುವುದಿಲ್ಲ. ಅಡುಗೆ ಮುಗಿದೊಡನೆ ಸಿಲಿಂಡರಿನ ಬಳಿಯೇ ತಿರುಪು ಮುಚ್ಚಿ. ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಎಂಜಿನ್ ಅಥವಾ ಜನರೇಟರ್ ಓಡುವಾಗ ಅದರ ಹೊಗೆ ಹಿಂಬಾಗಿಲಿನಿಂದ ಒಳನುಗ್ಗಬಹುದು, ಪಕ್ಕದ ದೋಣಿಯದೂ ಬರಬಹುದು. ಮಲಗುವ ಜಾಗದಲ್ಲಿ ಈ ವಿಷಾನಿಲವನ್ನು ಪತ್ತೆಹಚ್ಚುವ ಅಲಾರಂ ಇಲ್ಲದೆ ಯಾರೂ ನಿದ್ದೆ ಮಾಡಬಾರದು.

ದೋಣಿ ಬಿಟ್ಟು ಹೋಗುವಾಗ

ಹ್ಯಾಚುಗಳನ್ನು ಮುಚ್ಚಿ, ಆದರೆ ಮುಂದೊಂದು ಹಿಂದೊಂದು ಮಳೆ ಒಳಬಾರದ ಗಾಳಿಕಿಂಡಿ ತೆರೆದೇ ಇರಲಿ. ಹಾಸಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ. ಕಪಾಟು, ಫ್ರಿಜ್, ಒಳಬಾಗಿಲು ಎಲ್ಲವೂ ತೆರೆದಿರಲಿ. ನೆಲದ ಒಂದೆರಡು ಹಲಗೆಗಳನ್ನು ಎತ್ತಿಡಿ. ತಳದಲ್ಲಿ ನಿಂತ ನೀರನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದು ಆವಿಯಾಗಿ ಮೇಲೇರಿ ಹಾಸಿಗೆ ಬಟ್ಟೆಗಳಿಗೆ ಬೂಷ್ಟು ಹಿಡಿಸುತ್ತದೆ.