ಪ್ರಜ್ಞೆ ತಪ್ಪಿರಲಿಲ್ಲ, ಆದರೂ ಮಿದುಳಿಗೆ ಪೆಟ್ಟಾಗಿತ್ತು

ತಲೆಗೆ ಪೆಟ್ಟಾದವರ ಪರವಾಗಿ ಪರಿಹಾರದ ಕೇಸು ನಡೆಸುವ ವಕೀಲ ನಾನು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಪ್ರಜ್ಞೆ ತಪ್ಪಿಲ್ಲ" ಅನ್ನುವ ಒಂದು ಸಾಲಿದ್ದರೆ ಸಾಕು, ಎದುರು ವಕೀಲರ ಪಾಟೀಸವಾಲು ಶುರುವಾಗುವುದೇ ಅಲ್ಲಿಂದ. ಪ್ರಜ್ಞೆ ತಪ್ಪಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಇಲ್ಲ, ಅಂದಮೇಲೆ ಮಿದುಳಿಗೆ ಏನೂ ಆಗಿಲ್ಲ ಅಲ್ವಾ?

ಮೊದಮೊದಲು ನಾನೂ ಕಕ್ಷಿದಾರರನ್ನು ಕೂರಿಸಿಕೊಂಡು "ಪ್ರಜ್ಞೆ ತಪ್ಪಿತ್ತಾ?" ಅಂತಲೇ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಪ್ರಜ್ಞೆ ತಪ್ಪಿದವರಿಗೆ ತಪ್ಪಿದ್ದು ಗೊತ್ತಾಗುವುದು ಹೇಗೆ? ಇನ್ನು ಕೆಲವರು ಎದ್ದು ಓಡಾಡಿ ಮಾತಾಡಿರುತ್ತಾರೆ, ಆದರೆ ಆ ಹೊತ್ತಿನ ನೆನಪೇ ಉಳಿದಿರುವುದಿಲ್ಲ. ಅದಕ್ಕೇ "ಹೌದು, ತಪ್ಪಿತ್ತು" ಅಂದುಬಿಡುತ್ತಾರೆ. ಆಮೇಲೆ ಕಂಡವರು ಬಂದು "ಇಲ್ಲ, ಎದ್ದು ನಿಂತಿದ್ದರು" ಅಂದರೆ, ಪ್ರಾಮಾಣಿಕ ಮನುಷ್ಯ ಸುಳ್ಳುಗಾರನಾಗಿ ಕಾಣುತ್ತಾನೆ.

ಈಗ ಕೇಳುವುದು ಬೇರೆ. ಪೆಟ್ಟಿಗೆ ಮುಂಚಿನ ಕೊನೆಯ ನೆನಪು ಯಾವುದು? ಆಮೇಲಿನ ಮೊದಲ ನೆನಪು ಯಾವುದು? ಅಲ್ಲಿಂದ ಮುಂದೆ ಎಲ್ಲಾ ಸರಾಗವಾಗಿ ನೆನಪಿದೆಯಾ, ಇಲ್ಲಾ ತುಂಡುತುಂಡಾಗಿದೆಯಾ? ಇಷ್ಟು ಕೇಳಿ ಸುಮ್ನೆ ಕೂರುತ್ತೇನೆ. ತಾವೇ ನೆನಪಿಟ್ಟಿದ್ದು ಯಾವುದು, ಮನೆಯವರು ಹೇಳಿ ಗೊತ್ತಾದದ್ದು ಯಾವುದು ಅಂತ ಬಿಡಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಇದನ್ನು ನನಗೆ ಕಲಿಸಿದ್ದು ಬೈಕಿನಿಂದ ಬಿದ್ದ ಒಬ್ಬ ತಾಯಿಯ ಕೇಸು. ಕೇಸ್ ಶೀಟಿನಲ್ಲಿ ಅದೇ ಸಾಲು. ಆಂಬುಲೆನ್ಸಿನವರು ಬರೆದ ಹಾಳೆ ತರಿಸಿದೆ. ಗ್ಲಾಸ್ಗೋ ಕೋಮಾ ಸ್ಕೇಲ್ 15ಕ್ಕೆ 14. ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಎಚ್ಚರದ ಮಟ್ಟ ತಿಳಿಯಲು ಕೊಟ್ಟ ಅಳತೆ ಇದು. ಕಣ್ಣು, ಮಾತು, ಚಲನೆ, ಮೂರಕ್ಕೂ ಬೇರೆ ಬೇರೆ ಅಂಕ. 14 ಅಂದರೆ ಹತ್ತಿರ ಹತ್ತಿರ ಪೂರ್ತಿ, ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೋದ ಆ ಒಂದು ಅಂಕ ಯಾವುದು ಅಂತ ನೋಡಿದೆ. ಕಣ್ಣು 4, ಚಲನೆ 6, ಮಾತು 5ರ ಬದಲು 4. ಮಾತಿಗೆ 4 ಅಂದರೆ ಮಾತಾಡುತ್ತಿದ್ದಾರೆ, ಆದರೆ ಗೊಂದಲದಲ್ಲಿದ್ದಾರೆ.

ಅಷ್ಟು ಸಾಕಿತ್ತು. ಅಮೆರಿಕದ ಪುನರ್ವಸತಿ ವೈದ್ಯಕೀಯದ ಸಂಸ್ಥೆಯೊಂದು 1993ರಲ್ಲಿ ಮಿದುಳಿನ ಸಣ್ಣ ಪೆಟ್ಟಿಗೆ ಕೊಟ್ಟ ವ್ಯಾಖ್ಯೆಯಲ್ಲಿ ಪ್ರಜ್ಞೆ ತಪ್ಪುವುದು ನಾಲ್ಕು ಲಕ್ಷಣಗಳಲ್ಲಿ ಒಂದು ಅಷ್ಟೇ. ಪೆಟ್ಟಿನ ಆಚೀಚಿನ ನೆನಪು ಹೋಗುವುದು, ಆ ಹೊತ್ತಿನ ಗೊಂದಲ, ಮಿದುಳಿನ ಒಂದು ಭಾಗದ ಕೆಲಸ ಕೆಟ್ಟ ಗುರುತು, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಆದೀತು. ನರತಂತುಗಳ ಸಣ್ಣ ಹಾನಿ ಸಿ.ಟಿ.ಯಲ್ಲಿ ಕಾಣದೆಯೂ ಇರಬಹುದು. 1848ರಲ್ಲಿ ಅಮೆರಿಕದ ರೈಲುಹಳಿ ಕೆಲಸಗಾರ ಫಿನಿಯಸ್ ಗೇಜ್‌ನ ತಲೆಯನ್ನೇ ಕಬ್ಬಿಣದ ಸಲಾಕೆ ತೂರಿಹೋಗಿತ್ತು. ಕೆಲವೇ ನಿಮಿಷದಲ್ಲಿ ಮಾತಾಡಿದ, ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕೂತು ಹೋದ. ಆಮೇಲೆ ಅವನ ಸ್ವಭಾವವೇ ಬದಲಾಯಿತು.

ಆ ಹೊತ್ತಿನ ಗೊಂದಲವೊಂದರಿಂದಲೇ ತೊಂದರೆ ಈಗಲೂ ಉಳಿದಿದೆ ಅಂತ ಸಾಬೀತಾಗುವುದಿಲ್ಲ. ಸಣ್ಣ ಪೆಟ್ಟಾದವರಲ್ಲಿ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ. ಹಾಗಾಗಿ ಮುಂಚೆ ಹೇಗಿದ್ದರು, ಈಗ ಹೇಗಿದ್ದಾರೆ ಅಂತ ಹೇಳಬಲ್ಲ ಸಹೋದ್ಯೋಗಿಗಳನ್ನೂ ಕರೆಸಿದೆ. ಆದರೆ ಕೇಸು ತಿರುಗಿದ್ದು ಆಂಬುಲೆನ್ಸಿನ ಹುಡುಗ ಸಾಕ್ಷಿ ಹೇಳಿದಾಗ.

"ಈ 4 ಯಾಕೆ ಬರೆದಿರಿ?" ಅಂತ ಕೇಳಿದೆ.

"ಮಗಳೆಲ್ಲಿ, ಮಗಳೆಲ್ಲಿ ಅಂತ ಕೇಳ್ತಾನೇ ಇದ್ರು ಸರ್. ಬೈಕಲ್ಲಿ ಅವರೊಬ್ಬರೇ ಇದ್ದದ್ದು."