ಸ್ವರ ಎಲ್ಲಿ ನಿಲ್ಲಬೇಕು: ನನಗೆ ಪಾಠ ಹೇಳಿದ ಬೇಸ್ ಲೈನ್‌ಗಳು

ಕ್ರಿಸ್ಮಸ್ ಮುಗಿದ ಮೇಲೆ, ಮತ್ತೆ ಈಸ್ಟರ್ ಮುಗಿದ ಮೇಲೆ, ನಮ್ಮ ಮಂಗಳೂರು–ಉಡುಪಿ ಕಡೆ ರೋಸ್ (ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ), ಮದುವೆಗಳ ಸಾಲು. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುವ ನನಗೆ ಆಗ ಪುರುಸೊತ್ತಿಲ್ಲ. ವೇದಿಕೆಯಲ್ಲಿ ಬಾರಿಸುವುದು ಕೊಂಕಣಿ ಬೈಲಾ, ತುಳು, ಕನ್ನಡ, ಹಿಂದಿ ಹಾಡುಗಳನ್ನು. ಆದರೆ ನನ್ನ ಕೈ ಪಳಗಿದ್ದು ರಾಕ್ ಹಾಡುಗಳಿಂದ. ಅವುಗಳ ಬೇಸ್ ಲೈನ್‌ಗಳನ್ನು, ಅಂದರೆ ಹಾಡಿನ ತಳದಲ್ಲಿ ಬೇಸ್ ಬಾರಿಸುವ ಸ್ವರಸಾಲುಗಳನ್ನು, ಕಿವಿಯಿಂದ ಹೆಕ್ಕಿ ಹೆಕ್ಕಿ ಕಲಿತೆ. ಹಾಗೆ ಕಲಿಯುವಾಗ ಒಂದು ವಿಷಯ ನನಗೆ ಗಟ್ಟಿಯಾಯಿತು: ಬೇಸಿನಲ್ಲಿ ಸ್ವರ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಡ್ರಮ್ಮರ್ ಹೇಳಿಕೊಡುತ್ತಾನೆ, ಎಲ್ಲಿ ನಿಲ್ಲಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು.

ಇದನ್ನು ಮೊದಲು ತೋರಿಸಿದ್ದು ಕ್ವೀನ್ ಬ್ಯಾಂಡಿನ ಜಾನ್ ಡೀಕನ್. 1980ರ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಕೇಳಿ. ಒಂದೇ ಸ್ವರದ ಮೂರು ಪೆಟ್ಟು, ಆಮೇಲೆ ಬಿಡುವು. ಫ್ರೆಟ್ (ಬೆರಳೊತ್ತುವ ಮನೆ) ಹುಡುಕಿ ಬಾರಿಸಲು ಹೊಸಬರಿಗೂ ಸಂಜೆಯೊಂದು ಸಾಕು. ಆದರೂ ಹೆಚ್ಚಿನವರ ಕೈಯಲ್ಲಿ ಅದು ಆ ಹಾಡಾಗುವುದಿಲ್ಲ, ಯಾಕೆಂದರೆ ಪೆಟ್ಟುಗಳ ನಡುವೆ ತಂತಿ ಗುಂಯ್ ಎನ್ನುತ್ತಲೇ ಇರುತ್ತದೆ. ನಾನು ಮಾಡುವುದು ಹೀಗೆ: ಬಲಗೈಯ ಬೆರಳು ತಂತಿಯನ್ನು ಮೀಟಿದ ಕೂಡಲೇ ಎಡಗೈಯ ಒತ್ತು ಸಡಿಲಿಸುತ್ತೇನೆ, ಬೆರಳನ್ನು ಮಾತ್ರ ತಂತಿಯಿಂದ ಎತ್ತುವುದಿಲ್ಲ. ಪೂರ್ತಿ ಎತ್ತಿದರೆ ಖಾಲಿ ತಂತಿ ಮಿಡಿಯುತ್ತದೆ. ಒತ್ತು ಹೋಗಿ ಸ್ಪರ್ಶ ಮಾತ್ರ ಉಳಿದರೆ ಸದ್ದು ಅಲ್ಲಿಗೇ ಕತ್ತರಿಸುತ್ತದೆ. ಬಾರಿಸದ ತಂತಿಗಳ ಮೇಲೆ ಬಲಗೈಯ ಹೆಬ್ಬೆರಳು ಒರಗಿರಬೇಕು. ಈ ಎರಡು ಕೆಲಸ ಒಟ್ಟಿಗೆ ಬರುವ ತನಕ ನಾನು ಸ್ವರವನ್ನೇ ಬದಲಿಸದೆ ತಾಳ ತಟ್ಟುವ ಮೆಟ್ರೋನೋಮ್ ಇಟ್ಟುಕೊಂಡು ಅದೊಂದನ್ನೇ ತಿದ್ದಿದೆ.

ಮರುವರ್ಷ, 1981ರಲ್ಲಿ, ಅದೇ ಕ್ವೀನ್ ಡೇವಿಡ್ ಬೋವಿಯ ಜೊತೆ ಸೇರಿ ಮಾಡಿದ ‘ಅಂಡರ್ ಪ್ರೆಶರ್’ ಇನ್ನೂ ಕಡಿಮೆಯಲ್ಲಿ ಮುಗಿಸುತ್ತದೆ. ಆರು ಸಲ ಷಡ್ಜ (ಸ), ಕೊನೆಗೊಮ್ಮೆ ಮಂದ್ರ ಪಂಚಮ (ಕೆಳಗಿನ ಪ), ಮತ್ತೆ ಮೌನ. ನಮ್ಮ ಬ್ಯಾಂಡಿಗೆ ಹೊಸದಾಗಿ ಬಂದ ಹುಡುಗ ಒಮ್ಮೆ ಕೇಳಿದ, “ಅಣ್ಣ, ಎರಡೇ ಸ್ವರ ಅಲ್ವಾ, ಇದರಲ್ಲಿ ಕಲಿಯಲಿಕ್ಕೆ ಎಂತ ಉಂಟು?” “ನೀನು ಬಾರಿಸು ಮಾರಾಯ, ನಾನು ಕೇಳ್ತೇನೆ” ಅಂದೆ. ಎರಡನೆಯ ಸುತ್ತಿಗೇ ಅವನ ಕೈ ಮೌನದ ಜಾಗಕ್ಕೆ ಓಡಿ ಬಂದಿತ್ತು. ಆ ಬಿಡುವಿನಲ್ಲಿ ತಾಳ ಒಳಗೆ ನಡೆಯುತ್ತಿರಬೇಕು. ಕಾಲಿನಿಂದ ತಟ್ಟಿದರೂ ಸರಿ, ಮನಸ್ಸಿನಲ್ಲಿ ಎಣಿಸಿದರೂ ಸರಿ, ಅಲ್ಲಿ ಏನನ್ನೂ ತುಂಬಿಸಬಾರದು. ಈಗ ಅವನು ಬೈಲಾಕ್ಕೆ ಬಾರಿಸುವಾಗಲೂ ಆ ಶಿಸ್ತು ಕೇಳಿಸುತ್ತದೆ. ಬೈಲಾದ ಆರರ ನಡೆಯಲ್ಲಿ ಬೇಸ್ ಎಲ್ಲ ಮಾತ್ರೆಗೂ ಬಿದ್ದರೆ ಕುಣಿಯುವವರ ಕಾಲು ಭಾರವಾಗುತ್ತದೆ.

ಪಿಂಕ್ ಫ್ಲಾಯ್ಡ್‌ನ ‘ಮನಿ’ಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1973ರ ಆಲ್ಬಮ್ಮಿನ ಹಾಡು, ಬೇಸ್ ರೋಜರ್ ವಾಟರ್ಸ್. ಶುರುವಿಗೆ ನಾಣ್ಯ, ಗಲ್ಲಾಪೆಟ್ಟಿಗೆಯ ಸದ್ದುಗಳನ್ನು ಜೋಡಿಸಿದ ಟೇಪು ಸುತ್ತುತ್ತದೆ, ಅದೂ ಏಳರ ಲೆಕ್ಕದಲ್ಲಿ. ಹಿಂದೆಯೇ ಬೇಸ್. ಬಿ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಏಳು ಎಣಿಕೆಗೆ ಹೀಗೆ ಬರುತ್ತದೆ: ಒಂದಕ್ಕೆ ಸ. ಎರಡಕ್ಕೆ ಮೇಲಿನ ಸ ಮತ್ತು ಪ, ಎರಡೂ ಒಂದೇ ಎಣಿಕೆಯೊಳಗೆ. ಮೂರಕ್ಕೆ ಮತ್ತೆ ಸ. ನಾಲ್ಕಕ್ಕೆ ಕೆಳಗಿನ ಪ, ಐದಕ್ಕೆ ಕೆಳಗಿನ ಕೈಶಿಕಿ ನಿ, ಆರಕ್ಕೆ ಸ, ಏಳಕ್ಕೆ ಸಾಧಾರಣ ಗ. ಒಡೆಯುವ ಎಣಿಕೆ ಎರಡನೆಯದೊಂದೇ, ಉಳಿದವು ಸಮನಾಗಿ ನಡೆಯುತ್ತವೆ.

ಏಳು ನಮಗೆ ಹೊಸತಲ್ಲ. ಯಕ್ಷಗಾನದ ಆಟ ನೋಡಿ ಬೆಳೆದವರ ಕಿವಿಯಲ್ಲಿ ತ್ರಿವುಡೆ ತಾಳ ಕೂತಿರುತ್ತದೆ, ಸಂಗೀತ ಕಲಿತವರಿಗೆ ಮಿಶ್ರ ಚಾಪು ಉಂಟು, ಎರಡೂ ಏಳರದ್ದೇ. ನಾನೂ ‘ತಕಿಟ ತಕಧಿಮಿ’ ಎಂದೇ ಎಣಿಸಿ ಈ ಲೈನಿನ ಒಳಗೆ ಹೋದೆ. ಎಣಿಕೆ ತಪ್ಪದಿರಲು ಅದು ಒಳ್ಳೆಯ ಊರುಗೋಲು. ಆದರೆ ಮಿಶ್ರ ಚಾಪುವಿನ ಒತ್ತು ಒಂದು, ನಾಲ್ಕು, ಆರರ ಮೇಲೆ ಬೀಳುತ್ತದೆ, ನಡೆಯೂ ಚುರುಕು. ‘ಮನಿ’ ಹಾಗಲ್ಲ, ಪ್ರತಿ ಎಣಿಕೆಗೂ ಅದರದೇ ತೂಕ ಕೊಟ್ಟು ಸ್ವಲ್ಪ ಹಿಂದಕ್ಕೆ ವಾಲಿ ನಡೆಯುತ್ತದೆ. ಹಾಗಾಗಿ ಕೊನೆಗೆ ಜತಿಯನ್ನು ಬಿಟ್ಟು ಲೈನನ್ನೇ ಬಾಯಲ್ಲಿ ಹಾಡತೊಡಗಿದೆ. ಬಾಯಿಗೆ ಬಾರದ ಲೈನ್ ನನ್ನ ಕೈಗೆ ಬಂದದ್ದೇ ಇಲ್ಲ. ಗಿಟಾರ್ ಸೋಲೋ ಬರುವಾಗ ಹಾಡು ನಾಲ್ಕರ ತಾಳಕ್ಕೆ ತಿರುಗುತ್ತದೆ, ಅದು ಮುಗಿದು ಮತ್ತೆ ಏಳಕ್ಕೆ. ಆ ಎರಡು ತಿರುವುಗಳನ್ನು ಮಾತ್ರ ಕತ್ತರಿಸಿ, ನಿಧಾನ ವೇಗದಲ್ಲಿ, ಡ್ರಮ್ಮರಿನ ಎದುರು ಕೂತು ಅಭ್ಯಾಸ ಮಾಡಿದೆವು.

ಇವನ್ನೆಲ್ಲ ಫೋನಿನ ಸ್ಪೀಕರಿನಲ್ಲಿ ಕೇಳಿ ಕಲಿಯಲು ಹೋಗಬೇಡಿ. ಬೇಸಿನ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ, ಅಷ್ಟು ಚಿಕ್ಕ ಸ್ಪೀಕರ್ ಅದನ್ನು ಎತ್ತುವುದೇ ಇಲ್ಲ. ಮೇಲಿನ ಉಪಸ್ವರಗಳು ಮಾತ್ರ ಕೇಳಿ, ಉಳಿದುದನ್ನು ಕಿವಿ ಊಹಿಸಿಕೊಳ್ಳುತ್ತದೆ. ಸ್ವರ ಯಾವುದೆಂದು ತಿಳಿದೀತು, ಅದು ಎಲ್ಲಿ ನಿಂತಿತು ಎಂದು ತಿಳಿಯದು. ಕಿವಿ ಮುಚ್ಚುವ ಹೆಡ್‌ಫೋನ್ ಬೇಕು. ಮದುವೆ ಹಾಲಿನಲ್ಲಿ ತೊಂದರೆ ಇದಕ್ಕೆ ತಿರುಗಾಮುರುಗಾ: ಆ 41 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಎಂಟು ಮೀಟರಿಗಿಂತ ಜಾಸ್ತಿ, ಗೋಡೆಗೆ ಬಡಿದು ಬಡಿದು ಅದು ಹಾಲಿನಲ್ಲೇ ಸುತ್ತುತ್ತಿರುತ್ತದೆ. ನಾನು ಆ್ಯಂಪನ್ನು ಮೂಲೆಯಿಂದ ದೂರ ಎಳೆದು ಇಡುತ್ತೇನೆ, ಇಕ್ಯೂನಲ್ಲಿ (ಸದ್ದಿನ ಹದ ತಿದ್ದುವ ಗುಂಡಿಗಳಲ್ಲಿ) ತಳದ ಸದ್ದನ್ನು ಇಳಿಸಿ ನಡುವಿನದ್ದನ್ನು ಏರಿಸುತ್ತೇನೆ, ಸ್ವರಗಳನ್ನು ಇನ್ನಷ್ಟು ಗಿಡ್ಡ ಮಾಡುತ್ತೇನೆ.

ತಂತಿಯ ಬಗ್ಗೆಯೂ ಒಂದು ಮಾತು. ನಮ್ಮ ಕರಾವಳಿಯ ಮಳೆಗಾಲ ತಂತಿಗೆ ಬೇಗ ತುಕ್ಕು ಹಿಡಿಸುತ್ತದೆ, ಕುತ್ತಿಗೆಯ ಮರವೂ ತೇವಕ್ಕೆ ಬಾಗುತ್ತದೆ. ಬಾರಿಸಿ ಆದಮೇಲೆ ಒಣಬಟ್ಟೆಯಲ್ಲಿ ಒರೆಸಿ ಚೀಲದಲ್ಲಿಡಿ, ಜೊತೆಗೆ ತೇವ ಹೀರುವ ಸಿಲಿಕಾದ ಪೊಟ್ಟಣವನ್ನೂ ಹಾಕಿ.

ಇಷ್ಟು ಹೊತ್ತು ನಿಲ್ಲಿಸುವುದನ್ನೇ ಹೊಗಳಿದೆ. ನನಗೆ ತುಂಬ ಪ್ರೀತಿಯ ಲೈನ್ ಮಾತ್ರ ನಿಲ್ಲದೆ ಹರಿಯುವಂಥದ್ದು: ಬೀಟಲ್ಸ್‌ನ ‘ಸಮ್‌ಥಿಂಗ್’, 1969ರದ್ದು. ಹಾಡು ಜಾರ್ಜ್ ಹ್ಯಾರಿಸನ್ ಅವರದು, ಬೇಸ್ ಪಾಲ್ ಮೆಕಾರ್ಟ್ನಿ. ಹಾಡುಗಾರನ ಕೆಳಗೆ ಇನ್ನೊಂದು ಹಾಡೇ ನಡೆಯುತ್ತಿರುತ್ತದೆ, ಆದರೂ ಮಾತು ಮುಚ್ಚಿಹೋಗುವುದಿಲ್ಲ. ಸಾಲು ಮುಗಿದು ಹಾಡುಗಾರ ಉಸಿರು ತೆಗೆಯುವಲ್ಲಿ ಬೇಸ್ ಹೇಗೆ ಮೇಲೇರುತ್ತದೆ, ಪದ ಶುರುವಾಗುವಾಗ ಹೇಗೆ ಜಾಗ ಬಿಡುತ್ತದೆ, ಗಮನಿಸಿ. ಕೊಂಕಣಿ ಹಾಡುಗಾರ ವಿಲ್ಫಿ ರೆಬಿಂಬಸ್ ಅವರ ನಿಧಾನದ ಹಾಡುಗಳಿಗೆ ಬಾರಿಸುವಾಗ ನಾನು ಈ ರೀತಿಯನ್ನೇ ಹಿಡಿಯುತ್ತೇನೆ. ರೋಸ್‌ನಲ್ಲಿ ಆ ಹಾಡುಗಳನ್ನು ನೆರೆದವರೆಲ್ಲ ಹಾಡುತ್ತಾರೆ. ಅವರ ಪದದ ಮೇಲೆ ನನ್ನ ಸ್ವರ ಬೀಳಬಾರದು, ಪದಗಳ ನಡುವೆ ಮಾತ್ರ ಬರಬೇಕು. ಅದಕ್ಕಾಗಿ ನಾನು ಹಾಡಿನ ಸಾಹಿತ್ಯವನ್ನು ಪೂರ್ತಿ ಬಾಯಿಪಾಠ ಮಾಡಿಕೊಳ್ಳುತ್ತೇನೆ. ಬೇಸ್‌ನವನಿಗೆ ಸಾಹಿತ್ಯ ಗೊತ್ತಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಕೈಯಲ್ಲಿರುವುದು ಕೆನಡಾದ ರಷ್ ಬ್ಯಾಂಡಿನ ‘ವೈವೈಝೆಡ್’, 1981ರದ್ದು, ಬೇಸ್ ಗೆಡ್ಡಿ ಲೀ. ಹೆಸರು ಟೊರೊಂಟೊ ವಿಮಾನ ನಿಲ್ದಾಣದ ಸಂಕೇತ. ಆ ಮೂರು ಅಕ್ಷರಗಳ ಮೋರ್ಸ್ ಲಿಪಿಯೇ (ತಂತಿ ಸಂದೇಶದ ಉದ್ದ, ಗಿಡ್ಡ ಸದ್ದುಗಳ ಲಿಪಿ) ಹಾಡಿನ ಮೊದಲ ಲಯ. ಉದ್ದದ ಸದ್ದಿಗೆ ಎರಡು ಮಾತ್ರೆ, ಗಿಡ್ಡದ್ದಕ್ಕೆ ಒಂದು. ‘ಧೀಂ ತ ಧೀಂ ಧೀಂ’ ಎಂದರೆ ಏಳು, ಅದೇ ಇನ್ನೊಮ್ಮೆ, ಕೊನೆಗೆ ‘ಧೀಂ ಧೀಂ ತ ತ’ ಎಂದರೆ ಆರು. ಒಟ್ಟು ಇಪ್ಪತ್ತು, ಅಂದರೆ ನಾಲ್ಕು ನಾಲ್ಕು ಮಾತ್ರೆಯ ಐದು ತಟ್ಟು. ನಮ್ಮ ಡ್ರಮ್ಮರ್ ಐದನ್ನು ಕೈಯಲ್ಲಿ ತಟ್ಟುತ್ತಾನೆ, ನಾನು ಮೇಲಿಂದ ಏಳು, ಏಳು, ಆರು ಹೇಳುತ್ತೇನೆ. ಕೊನೆಯ ಎರಡು ‘ತ’ಗಳನ್ನು ಅವಸರಿಸದಿದ್ದರೆ ಮುಂದಿನ ಸುತ್ತಿನ ಮೊದಲ ‘ಧೀಂ’ ಅವನ ತಟ್ಟಿನ ಮೇಲೆ ಸರಿಯಾಗಿ ಬಂದು ಕೂರುತ್ತದೆ. ಅದು ತಪ್ಪದೆ ಕೂತ ಮೇಲೆಯೇ ಬೇಸನ್ನು ಹೆಗಲಿಗೆ ಹಾಕುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.