ಬಳಪ ತಿನ್ನುತ್ತಿದ್ದ ಮಗ, ನಿದ್ದೆ ಬಾರದ ರಾತ್ರಿಗಳು

ನನ್ನ ಮಗನಿಗೆ ಆಗ ನಾಲ್ಕೂವರೆ ವರ್ಷ. ರಾತ್ರಿ ಹನ್ನೊಂದಾದರೂ ಮಲಗುತ್ತಿರಲಿಲ್ಲ. ಹಾಸಿಗೆ ಮೇಲೆ ಹೊರಳಾಡುತ್ತಿದ್ದ, ಗೋಡೆಗೆ ಒದೆಯುತ್ತಿದ್ದ. "ಅಮ್ಮ, ಕಾಲು ಒತ್ತು" ಅಂತ ದಿನಾ ಕೇಳುತ್ತಿದ್ದ. ಒತ್ತುವಷ್ಟು ಹೊತ್ತು ಸುಮ್ಮನಿರುತ್ತಿದ್ದ, ಕೈ ತೆಗೆದರೆ ಮತ್ತೆ ಶುರು. "ಕಾಲೊಳಗೆ ಇರುವೆ ಓಡಾಡ್ತಿದೆ" ಅನ್ನುತ್ತಿದ್ದ. ಮಲಗದೇ ಇರೋದಕ್ಕೆ ನೆಪ ಹೇಳುತ್ತಿದ್ದಾನೆ ಅಂದುಕೊಂಡು ನಾನು ಎಷ್ಟೋ ಸಲ ಗದರಿಸಿದ್ದೇನೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಸಂಕಟ ಆಗುತ್ತದೆ.

ಹಗಲು ಇನ್ನೂ ಕಷ್ಟ. ಚಿಕ್ಕ ಮಾತಿಗೂ ರಂಪ. ಎಲ್‌ಕೆಜಿಯಲ್ಲಿ ಒಂದು ಕಡೆ ಕೂರುವುದಿಲ್ಲ, ಪಕ್ಕದ ಮಕ್ಕಳನ್ನು ತಳ್ಳುತ್ತಾನೆ ಅಂತ ಮಿಸ್ ಎರಡು ಸಲ ಕರೆಸಿದರು. ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ದೃಷ್ಟಿ ತೆಗೆಸಿದೆವು, ತಾಯಿತ ಕಟ್ಟಿಸಿದೆವು.

ಒಂದು ದಿನ ಸುಮ್ನೆ ಕೂತು ಒಂದು ನೋಟ್‌ಬುಕ್ ತೆಗೆದುಕೊಂಡೆ. ಹದಿನಾಲ್ಕು ದಿನ ಎಲ್ಲ ಬರೆದಿಟ್ಟೆ. ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದಿದ್ದು ಯಾವಾಗ, ಏನೇನು ತಿಂದ, ಯಾವಾಗ ಹಠ ಮಾಡಿದ. ನಾನು ಮಾಡಿದ ಕೆಲಸಗಳಲ್ಲಿ ತುಂಬಾ ಉಪಯೋಗಕ್ಕೆ ಬಂದಿದ್ದು ಇದೇ. ದೊಡ್ಡ ರಂಪ ಎಲ್ಲ ಸಂಜೆ ಐದರಿಂದ ಏಳರ ಒಳಗೆ ಆಗುತ್ತಿತ್ತು. ಹಿಂದಿನ ರಾತ್ರಿ ನಿದ್ದೆ ಕಡಿಮೆಯಾದ ದಿನ ಜಾಸ್ತಿ ಆಗುತ್ತಿತ್ತು. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಇವನಿಗೆ ಸಿಗುತ್ತಿದ್ದದ್ದು ಎಂಟು ಗಂಟೆ, ಅದೂ ಚೂರುಚೂರಾಗಿ.

ಊಟದ ಪುಟ ನೋಡಿ ಗಾಬರಿಯಾಯಿತು. ದಿನಕ್ಕೆ ನಾಲ್ಕು ಲೋಟ ಹಾಲು. ಮೂರು ಹೊತ್ತಲ್ಲಿ ಎರಡು ಹೊತ್ತು ಮೊಸರನ್ನ. ಸಂಜೆ ಅಜ್ಜಿ ಜೊತೆ ಕೂತು ಟೀಯಲ್ಲಿ ಅದ್ದಿದ ಬಿಸ್ಕತ್ತು. ಸೊಪ್ಪು, ಕಾಳು ಎರಡು ವಾರದಲ್ಲಿ ಮೂರೇ ಸಲ. ಮತ್ತೆ ನಾನೇ ಬರೆದಿದ್ದ ಒಂದು ಸಾಲು: "ಬಳಪ ತಿಂದ, ಬೈದೆ." ಅದು ಆರು ಕಡೆ ಇತ್ತು.

ಆ ನೋಟ್‌ಬುಕ್ ಹಿಡಿದುಕೊಂಡೇ ಮಕ್ಕಳ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಗೊರಕೆ ಬಗ್ಗೆ ಕೇಳಿದರು. ಮೂಗಿನ ಹಿಂದಿನ ಗಡ್ಡೆ ದಪ್ಪವಾಗಿ ಉಸಿರು ಕಟ್ಟಿದರೂ ಮಕ್ಕಳು ರಾತ್ರಿ ಸರಿಯಾಗಿ ಮಲಗದೆ ಹಗಲು ಹೀಗೇ ಆಡುತ್ತವಂತೆ. ಇವನಿಗೆ ಗೊರಕೆ ಇರಲಿಲ್ಲ. ಬಳಪದ ಮಾತು ಓದಿದ ಕೂಡಲೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 10.2 ಬಂತು. ಎರಡರಿಂದ ಐದು ವರ್ಷದೊಳಗಿನ ಮಕ್ಕಳಿಗೆ 11ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ಮೈಯಲ್ಲಿ ಕಬ್ಬಿಣದಂಶ ಎಷ್ಟು ಕೂಡಿಟ್ಟಿದೆ ಅಂತ ಹೇಳುವ ಫೆರಿಟಿನ್ ಬರೀ 9 ಇತ್ತು.

ಕಬ್ಬಿಣ ರಕ್ತಕ್ಕೆ ಮಾತ್ರ ಅಂದುಕೊಂಡಿದ್ದೆ. ಮೆದುಳಿನಲ್ಲಿ ಡೋಪಮಿನ್ ಅನ್ನುವ ವಸ್ತು ತಯಾರಾಗೋದಕ್ಕೂ ಅದು ಬೇಕು ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಕಬ್ಬಿಣ ಕಮ್ಮಿಯಾದರೆ ಕೆಲವು ಮಕ್ಕಳಿಗೆ ರಾತ್ರಿ ಹೊತ್ತು ಕಾಲು ಸುಮ್ಮನಿರುವುದಿಲ್ಲ. ಇರುವೆ ಹರಿದಾಡಿದ ಹಾಗೆ ಆಗುತ್ತದೆ, ಅಲ್ಲಾಡಿಸಿದರೆ ಹಾಯೆನಿಸುತ್ತದೆ. ನನ್ನ ಮಗ ನೆಪ ಹೇಳುತ್ತಿರಲಿಲ್ಲ. ತನಗೆ ಆಗುತ್ತಿದ್ದದ್ದನ್ನೇ ಹೇಳುತ್ತಿದ್ದ. ಸುಣ್ಣ, ಮಣ್ಣು, ಬಳಪ ತಿನ್ನುವ ಚಟವೂ ಎಷ್ಟೋ ಸಲ ಇದೇ ಕೊರತೆಯ ಗುರುತು. ಆಮೇಲೆ ಓದಿ ತಿಳಿದುಕೊಂಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ವಾರಕ್ಕೆರಡು ಸಲ ಒಂದೊಂದು ಎಂಎಲ್ ಹಾಕಿ ಅಂತ ಆಶಾ ಕಾರ್ಯಕರ್ತೆ ಅಕ್ಕ ಕೊಟ್ಟುಹೋಗಿದ್ದ ಕಬ್ಬಿಣದ ಸಿರಪ್ ನಮ್ಮನೆ ಬೀರುವಿನಲ್ಲೇ ಉಳಿದಿತ್ತು. ನಿಮ್ಮನೆಯಲ್ಲೂ ಅಂಥದ್ದು ಇದ್ದರೆ ದಯವಿಟ್ಟು ಇವತ್ತೇ ಆಶಾ ಅಕ್ಕನನ್ನು ಕೇಳಿ.

ಡಾಕ್ಟರ್ ಜಂತುಹುಳದ ಮಾತ್ರೆ ಕೊಟ್ಟರು, ತೂಕ ನೋಡಿ ಕಬ್ಬಿಣದ ಸಿರಪ್ ಬರೆದರು. ಇದನ್ನು ಒತ್ತಿ ಹೇಳಬೇಕು. ಫೆರಿಟಿನ್ ಅಷ್ಟು ಕೆಳಗಿಳಿದ ಮೇಲೆ ಬರೀ ಊಟದಿಂದ ಬೇಗ ಮೇಲೆ ಬರುವುದಿಲ್ಲ. ಹಾಗಂತ ಪರೀಕ್ಷೆ ಮಾಡಿಸದೆ ನಾವೇ ಅಂಗಡಿಯಿಂದ ತಂದು ಕುಡಿಸುವುದೂ ತಪ್ಪು. ಕಬ್ಬಿಣದ ಔಷಧಿ ಜಾಸ್ತಿಯಾದರೆ ಚಿಕ್ಕ ಮಕ್ಕಳ ಜೀವಕ್ಕೇ ಅಪಾಯ. ಆ ಬಾಟಲಿ ನಮ್ಮನೆಯಲ್ಲಿ ಅಟ್ಟದ ಮೇಲಿರುತ್ತಿತ್ತು.

ಅಡುಗೆಮನೆ ಮಾತ್ರ ನನ್ನ ಕೈಯಲ್ಲಿತ್ತು. ಮೊದಲು ಹಾಲನ್ನು ಎರಡು ಲೋಟಕ್ಕೆ ಇಳಿಸಿದೆ. ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು, ಜೊತೆಗೆ ಅದರ ಸುಣ್ಣದಂಶ ಬೇರೆ ಆಹಾರದ ಕಬ್ಬಿಣವನ್ನೂ ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಹೊಟ್ಟೆ ಹಾಲಿನಿಂದ ತುಂಬಿದ್ದರೆ ಮಗು ಮುದ್ದೆ ಯಾಕೆ ತಿನ್ನುತ್ತದೆ, ಅಲ್ವಾ? ಔಷಧಿಗೂ ಹಾಲಿಗೂ ಎರಡು ಗಂಟೆ ಅಂತರ ಇಟ್ಟೆ.

ಟೀ ಬಿಡಿಸುವುದು ಕಷ್ಟವಾಯಿತು. "ಮಗು ಆಸೆ ಪಡುತ್ತೆ ಕಣಮ್ಮ, ಒಂದು ಗುಟುಕು ಟೀ ಏನು ಮಾಡುತ್ತೆ?" ಅಂದರು ಅತ್ತೆ. ಮೊಮ್ಮಗನ ಜೊತೆ ಕೂರುವ ಆ ಹೊತ್ತು ಅವರಿಗೆ ತುಂಬಾ ಇಷ್ಟ. ಟೀಯ ಒಗರು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ ಅಂತ ಬಾಯಲ್ಲಿ ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಮುಂದಿನ ಸಲ ಅವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ರಿಪೋರ್ಟನ್ನು ಅವರ ಕೈಯಲ್ಲೇ ಇಟ್ಟು ಡಾಕ್ಟರ್ ವಿವರಿಸಿದರು. ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. ಮನೆಗೆ ಬಂದವರೇ ರಾಗಿ ನೆನೆಸಿಟ್ಟರು.

ಆ ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಹಿಟ್ಟು ಮಾಡಿಸಿದೆವು. ಮೊಳಕೆ ಬಂದರೆ ಕಬ್ಬಿಣವನ್ನು ತಡೆಯುವ ಅಂಶ ಕಡಿಮೆಯಾಗುತ್ತದೆ. ನಾವು ತುಮಕೂರಿನ ಕಡೆಯವರು, ಮುದ್ದೆ-ಬಸ್ಸಾರು ಮನೆಯ ಊಟವೇ. ಮಗನಿಗೆ ಮಾತ್ರ ಅನ್ನ ಅಂತ ನಾವೇ ಅಭ್ಯಾಸ ಮಾಡಿಸಿದ್ದೆವು. ಗೋಲಿಯಷ್ಟು ಚಿಕ್ಕ ಮುದ್ದೆ ಮಾಡಿ, ಹುರುಳಿಕಾಳು ಸಾರಿನಲ್ಲಿ ಮುಳುಗಿಸಿ, ಮೇಲೆ ನಿಂಬೆರಸ ಹಿಂಡಿ ಕೊಟ್ಟೆ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಬೇಕಾದರೆ ಹುಳಿ ಹಣ್ಣಿನ ವಿಟಮಿನ್ ಸಿ ಅದೇ ಊಟದಲ್ಲಿ ಇರಬೇಕು. ಭಾನುವಾರ ಮಟನ್ ತಂದಾಗ ಎರಡು ತುಂಡು ಕಲೀಜ ಅವನಿಗೆ. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಸಲೀಸಾಗಿ ಮೈಗೆ ಸೇರುತ್ತದೆ.

ಸಕ್ಕರೆ ಬಿಟ್ಟರೆ ಹಠ ಕಡಿಮೆಯಾಗುತ್ತದೆ ಅಂತ ಬಹಳ ಜನ ಹೇಳಿದರು. ಒಂದು ತಿಂಗಳು ಬಿಡಿಸಿ ನೋಡಿದೆ, ಸ್ವಭಾವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆಗೂ ಮಕ್ಕಳ ಚೇಷ್ಟೆಗೂ ಸಂಬಂಧ ಇಲ್ಲ ಅಂತ 1995ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದರಂತೆ. ಕೃತಕ ಬಣ್ಣದ ವಿಷಯ ಬೇರೆ. 2007ರ ಇಂಗ್ಲೆಂಡಿನ ಸೌತಾಂಪ್ಟನ್ ಅಧ್ಯಯನದಲ್ಲಿ ಕೆಲವು ಮಕ್ಕಳಲ್ಲಿ ಚಂಚಲತೆ ಸ್ವಲ್ಪ ಹೆಚ್ಚಿದ್ದು ಕಂಡಿತ್ತು. ನಮ್ಮ ಸರ್ಕಾರ 2024ರಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧಿಸಿತು. ಕೆಂಪು ಗೋಬಿ ನಮ್ಮನೆಗೆ ಈಗ ಬರುವುದಿಲ್ಲ.

ನಿದ್ದೆಗೆ ಗಸಗಸೆ ಪಾಯಸ ಕೊಡು, ಹಾಲಿಗೆ ಜಾಯಿಕಾಯಿ ತೇಯ್ದು ಹಾಕು ಅಂದವರೂ ಇದ್ದರು. ಎರಡೂ ಬೇಡ ಅಂದೆ. ಗಸಗಸೆ ಅಫೀಮು ಗಿಡದ ಬೀಜ, ಅದಕ್ಕೆ ಅಫೀಮಿನ ಅಂಶ ಅಂಟಿಕೊಂಡಿರಬಹುದು. ಜಾಯಿಕಾಯಿ ಜಾಸ್ತಿಯಾದರೆ ವಿಷ. ಮಗುವಿಗೆ ಮಂಪರು ಬರಿಸುವುದು ನನಗೆ ಬೇಕಿರಲಿಲ್ಲ.

ಅದರ ಬದಲು ಸಂಜೆಯನ್ನೇ ಬದಲಾಯಿಸಿದೆ. ಮಧ್ಯಾಹ್ನ ಮಲಗಿದರೆ ಮೂರು ಗಂಟೆ ಹೊಡೆಯುವಷ್ಟರಲ್ಲಿ ಎಬ್ಬಿಸುತ್ತಿದ್ದೆ. ಸಂಜೆ ಒಂದು ಗಂಟೆ ಬೀದಿಯಲ್ಲಿ ಆಟ. ಏಳಕ್ಕೆ ಟಿವಿ, ಮೊಬೈಲ್ ಬಂದ್, ದೊಡ್ಡವರದ್ದೂ ಸೇರಿ. ಏಳೂವರೆಗೆ ಊಟ, ಬಿಸಿನೀರಲ್ಲಿ ಕೈಕಾಲು ತೊಳೆದು ಪಾದಕ್ಕೆ ಕೊಬ್ಬರಿಎಣ್ಣೆ, ಚಿಕ್ಕ ದೀಪ, ಒಂದೇ ಒಂದು ಕಥೆ. ಮೊದಲ ವಾರ ಮೊಬೈಲ್‌ಗಾಗಿ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡ. ನಾನೂ ಪಕ್ಕದಲ್ಲಿ ಕೂತು ಅತ್ತಿದ್ದೇನೆ.

ಐದನೇ ವಾರದಲ್ಲಿ ಒಂದು ರಾತ್ರಿ ಕಥೆ ಮುಗಿಯುವ ಮೊದಲೇ ಮಲಗಿಬಿಟ್ಟ. ಕಾಲು ಒತ್ತು ಅನ್ನಲಿಲ್ಲ. ಗಡಿಯಾರ ನೋಡಿದೆ, ಒಂಬತ್ತು ಗಂಟೆ ಹತ್ತು ನಿಮಿಷ. ಬಳಪ ತಿನ್ನುವುದು ಅದಕ್ಕೂ ಮುಂಚೆಯೇ ನಿಂತಿತ್ತು. ಮೂರು ತಿಂಗಳಿಗೆ ಫೆರಿಟಿನ್ 38 ಆಯಿತು. ಕಾಲಿನ ತೊಂದರೆ ಇರುವ ಮಕ್ಕಳಿಗೆ 50 ದಾಟಬೇಕು ಅಂತ ಡಾಕ್ಟರ್ ಔಷಧಿ ಮುಂದುವರಿಸಿದರು, ಆರು ತಿಂಗಳಿಗೆ 56 ಬಂತು.

ಹಠ ಪೂರ್ತಿ ಹೋಗಿಲ್ಲ. ಮದುವೆ ಮನೆಯಲ್ಲಿ ತಡವಾಗಿ ಮಲಗಿದ ಮಾರನೇ ದಿನ ಈಗಲೂ ರಂಪ ಇರುತ್ತದೆ. ಆದರೆ ಮಿಸ್ ಆಮೇಲೆ ಕರೆಸಿಲ್ಲ. ಅತ್ತೆ ಈಗ ಅವನು ಸ್ಕೂಲಿಂದ ಬರುವ ಮುಂಚೆಯೇ ಟೀ ಕುಡಿದು ಮುಗಿಸುತ್ತಾರೆ. ಅವನು ಬಂದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಉಪ್ಪು-ಖಾರ ಹಚ್ಚಿದ ಸೀಬೆಹಣ್ಣು ತಿನ್ನುತ್ತಾರೆ.